ಕೆಳಗಿನ ಬ್ಲಾಕಿನ ಮಳೆ

ಭಾನುವಾರ ಹತ್ತು ಗಂಟೆಗೆ ಉದಯನ ಬಾಡಿಗೆ ಪಿಕಪ್ ಬರುತ್ತದೆ, ಜಗಲಿಯ ಮೇಲಿನ ಹೂವಿನ ಕುಂಡಗಳೆಲ್ಲ ಹುದಿಕೇರಿಗೆ ಹೋಗುತ್ತವೆ. ಗುರುವಾರ ಬೆಳಿಗ್ಗೆ ತಿಂಡಿಗೆ ಕೂತ ಬೊಳ್ಳಪ್ಪ ಇಷ್ಟು ಹೇಳಿ, ಅಕ್ಕಿ ರೊಟ್ಟಿಯ ದೊಡ್ಡ ತುಂಡೊಂದನ್ನು ಬಾಯಿಗಿಟ್ಟುಕೊಂಡ. ಬಾಯಲ್ಲಿ ರೊಟ್ಟಿ ಇದ್ದರೆ ಮುಂದಿನ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ ಎಂಬುದು ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಅವನು ಕಂಡುಕೊಂಡ ಉಪಾಯ.

ಪೂವಮ್ಮ ಕಾವಲಿಯ ಮೇಲಿದ್ದ ರೊಟ್ಟಿಯನ್ನು ಮಗುಚಲಿಲ್ಲ. ಅದು ಕರಟುವವರೆಗೂ ಕಾದು, ಅದನ್ನೇ ತಂದು ಗಂಡನ ತಟ್ಟೆಗೆ ಹಾಕಿದಳು.

"ಹುದಿಕೇರಿಗೆ ಅಂದ್ರೆ? ವಿಮಲಮ್ಮನ ಮನೆಗಾ?"

ಬೊಳ್ಳಪ್ಪ ಅಗಿಯುತ್ತಲೇ ತಲೆಯಾಡಿಸಿದ.

"ನಿಮ್ಮ ತಂಗಿ ಕಳ್ಳಿ ಗಿಡಕ್ಕೂ ನೀರು ಹಾಕಿ ಕೊಳೆಸಿ ಕೊಂದವರು. ಗೊತ್ತುಂಟಲ್ಲ ನಿಮಗೆ?"

"ಜನರ ಪ್ರಾಣ ದೊಡ್ಡದಾ, ಹೂವಿನ ಚಟ್ಟಿ ದೊಡ್ಡದಾ?" ಎಂದ ಬೊಳ್ಳಪ್ಪ. ರೊಟ್ಟಿ ನುಂಗಿ ಆಗಿತ್ತು.

ಇದಕ್ಕೆ ಏನು ಹೇಳುವುದು? ಜನರ ಪ್ರಾಣವೇ ದೊಡ್ಡದು. ಬಿಟ್ಟಂಗಾಲದ ಈಚೆಗಿನ ಅವರ ಎಂಟೆಕರೆ ಕಾಫಿ ತೋಟದ ಆಳುಗಳ ಲೈನ್‌ಮನೆಯಲ್ಲಿ ಇಬ್ಬರಿಗೆ ಡೆಂಗಿ ಆಗಿತ್ತು. ಮೊದಲನೆಯವನು ಟ್ರ್ಯಾಕ್ಟರ್ ಓಡಿಸುವ ಮಂಜುನಾಥ. ಏಪ್ರಿಲ್ ಕೊನೆಗೆ ಕುಶಾಲನಗರದ ಅಕ್ಕನ ಮನೆಗೆ ಹೋದವನು ಬರುವಾಗ ಜ್ವರ ಹೊತ್ತುಕೊಂಡೇ ಬಂದಿದ್ದ. ಅವನು ಎದ್ದು ಓಡಾಡುವ ಹೊತ್ತಿಗೆ ಜವರಿ ಮಲಗಿದಳು. ಜವರಿ ಇಪ್ಪತ್ತು ವರ್ಷದಿಂದ ತೋಟದಲ್ಲಿ ಕೆಲಸ ಮಾಡುವವಳು, ಬೆಳಿಗ್ಗೆ ಬೆಳಿಗ್ಗೆ ಪೂವಮ್ಮನ ಕುಂಡಗಳಿಗೆ ನೀರು ಹಾಕುವವಳೂ ಅವಳೇ. ಈಗ ವಿರಾಜಪೇಟೆಯ ಆಸ್ಪತ್ರೆಯಲ್ಲಿದ್ದಳು. ಜ್ವರ ಇಳಿದಿತ್ತು, ಅಪಾಯ ಕಳೆದಿತ್ತು, ಕಳೆದದ್ದರಿಂದಲೇ ಊರಿಗೆ ಯಾರ ತಪ್ಪು ಎಂದು ಮಾತಾಡಲು ಪುರಸೊತ್ತು ಸಿಕ್ಕಿತ್ತು.

ಬುಧವಾರದ ಗ್ರಾಮಸಭೆಯಲ್ಲಿ ಮಾಜಿ ಪಂಚಾಯಿತಿ ಸದಸ್ಯ ಬೊಳ್ಳಪ್ಪ ಎದ್ದು ನಿಂತು, ನಿಂತ ನೀರಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ. ಹಳೇ ಟೈರು, ಎಳನೀರಿನ ಬೊಂಡ, ಒಡೆದ ಬಕೆಟ್ಟು, ಒಂದನ್ನೂ ಬಿಡಲಿಲ್ಲ. ಹಿಂದಿನ ಸಾಲಿನಿಂದ ಪಕ್ಕದ ತೋಟದ ಬೋಜಪ್ಪ, "ಬಾವ, ನಿಮ್ಮ ಜಗಲಿಯಲ್ಲಿ ನೂರೈವತ್ತು ಚಟ್ಟಿ ಉಂಟಲ್ಲ, ಅದರಡಿಯ ತಟ್ಟೆಯಲ್ಲಿ ನಿಲ್ಲುವುದು ಎಂಥ, ಹಾಲಾ?" ಎಂದ. ಸಭೆ ಗೊಳ್ಳೆಂದಿತು. ಜನ ನಕ್ಕರೆ ಬೊಳ್ಳಪ್ಪನ ಬುದ್ಧಿ ನಿಂತಲ್ಲಿ ನಿಲ್ಲುವುದಿಲ್ಲ. "ಭಾನುವಾರ ಬಂದು ನೋಡಿ, ಒಂದು ಚಟ್ಟಿ ಇದ್ದರೆ ಕೇಳಿ!" ಎಂದು ಅಷ್ಟೂ ಜನರೆದುರು ಹೇಳಿಬಿಟ್ಟ. ಹೆಂಡತಿಗೆ ವಿಷಯ ಗೊತ್ತಾದದ್ದು ಮಾರನೆಯ ದಿನ, ರೊಟ್ಟಿಯ ಜೊತೆ.

ಬೋಜಪ್ಪನಿಗೂ ಬೊಳ್ಳಪ್ಪನಿಗೂ ಇದ್ದ ಜಗಳ ಕುಂಡದ್ದಲ್ಲ, ಮಳೆಯದು. ಈ ಸೀಮೆಯಲ್ಲಿ ಕಾಫಿ ಹೂ ಅರಳಿಸುವ ಮಾರ್ಚ್ ತಿಂಗಳ ಹೂಮಳೆ ಒಂದು ಗುಡ್ಡಕ್ಕೆ ಒಂದಿಂಚು ಸುರಿದು ಪಕ್ಕದ ಗುಡ್ಡಕ್ಕೆ ಹನಿ ಹಾಕದೆ ಹೋಗುವುದುಂಟು. ಹಾಗಾಗಿ ಕಾಫಿ ಬೆಳೆಯುವವರ ಮನೆಯಲ್ಲೆಲ್ಲ ಒಂದು ಮಳೆ ಮಾಪಕ, ಒಂದು ಡೈರಿ. ಬೆಳಿಗ್ಗೆ ಏಳಕ್ಕೆ ಅಳೆಯುವುದು, ಏಳೂ ಐದಕ್ಕೆ ಫೋನು: "ನಿಮ್ಮಲ್ಲೆಷ್ಟು?" "ನಲವತ್ತು ಸೆಂಟ್. ನಿಮ್ಮಲ್ಲಿ?" ಇಂಚಿನ ನೂರರಲ್ಲೊಂದು ಭಾಗ ಒಂದು ಸೆಂಟ್. ಬೊಳ್ಳಪ್ಪ ಎಷ್ಟು ಹೇಳಿದರೂ ಬೋಜಪ್ಪನಲ್ಲಿ ಅದಕ್ಕಿಂತ ಐದು ಸೆಂಟ್ ಜಾಸ್ತಿ. ಅವನು ಮೊದಲು ಹೇಳಿದ ದಿನ ಬೊಳ್ಳಪ್ಪನಲ್ಲಿ ಜಾಸ್ತಿ ಬಿದ್ದಿದ್ದರೆ ಬೋಜಪ್ಪ ನಂಬುತ್ತಿರಲಿಲ್ಲ. ಇದು ಹೀಗೇ ಹನ್ನೆರಡು ವರ್ಷ ನಡೆದಿತ್ತು.

ಪೂವಮ್ಮ ಜಗಲಿಗೆ ಬಂದು ನಿಂತಳು. ಮೆಟ್ಟಿಲ ಬದಿಗೆ ಬಿಗೋನಿಯ, ಕಂಬಗಳ ಸುತ್ತ ಫರ್ನ್, ತೂಗುಹಾಕಿದ ತೆಂಗಿನ ನಾರಿನಲ್ಲಿ ಮರದಿಂದ ಬಿದ್ದಾಗ ಎತ್ತಿ ತಂದ ಸೀತಾಳೆ ಆರ್ಕಿಡ್. ಪೂರ್ವದ ಮೂಲೆಯಲ್ಲಿ, ಎಂಟೂವರೆಯ ಬಿಸಿಲು ಮುಟ್ಟಿ ಒಂಬತ್ತಕ್ಕೆ ಬಿಟ್ಟು ಹೋಗುವ ಒಂದೇ ಒಂದು ಜಾಗದಲ್ಲಿ, ಕರಿಗೆಂಪು ಆಂಥೂರಿಯಂ. ಆ ಜಾಗ ಹುಡುಕಲು ಅವಳಿಗೆ ನಾಲ್ಕು ವರ್ಷ ಹಿಡಿದಿತ್ತು. ವಿಮಲಮ್ಮ ಬಂದಾಗಲೆಲ್ಲ ಅದರ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು, "ಅತ್ತಿಗೆ, ಇದರದ್ದೊಂದು ಮರಿ ನಂಗೆ" ಎನ್ನುತ್ತಿದ್ದಳು. ಈಗ ತಾಯಿಯೇ ಹೊರಟಿತ್ತು.

"ನನ್ನ ಚಟ್ಟಿಯಲ್ಲಿ ಸೊಳ್ಳೆ ಇಲ್ಲ," ಎಂದು ಪೂವಮ್ಮ ಯಾರಿಗೂ ಅಲ್ಲದೆ ಹೇಳಿದಳು. "ಮೂರು ದಿನಕ್ಕೊಮ್ಮೆ ತಟ್ಟೆ ಕವುಚುವವಳು ನಾನು."

ಹೇಳಿದರೆ ಸಾಕೆ? ಸೀರೆ ಸಿಕ್ಕಿಸಿ ಒಂದೊಂದೇ ಕುಂಡ ಎತ್ತಿ ನೋಡಿದಳು. ನೂರ ನಲವತ್ತೂ ಒಣಗಿದ್ದವು. ಸೊಂಟ ಹಿಡಿದುಕೊಂಡು ಗೆದ್ದವಳ ಹಾಗೆ ಬಚ್ಚಲಿಗೆ ಕೈ ತೊಳೆಯಲು ಹೋದಳು. ಬಚ್ಚಲಿನ ಕಿಟಕಿಯಲ್ಲಿ, ಹಳೇ ಜಾಮ್ ಬಾಟಲಿಯ ನೀರಿನಲ್ಲಿ ಬೇರು ಬಿಟ್ಟುಕೊಂಡು ಒಂದು ಮನಿಪ್ಲಾಂಟ್ ಇತ್ತು. ಇದ್ದದ್ದೇ ಮರೆತುಹೋಗಿತ್ತು. ಬಾಟಲಿಯೊಳಗೆ ಕೂದಲೆಳೆಯಂಥ ಏಳೆಂಟು ಮರಿಗಳು, ತಲೆ ಕೆಳಗೆ ಮಾಡಿ ನೇತಾಡುತ್ತ, ಅವಳ ನೆರಳು ಬಿದ್ದದ್ದೇ ಡೊಂಕಾಗಿ ಕುಣಿಯುತ್ತ ತಳಕ್ಕಿಳಿದವು.

ಪೂವಮ್ಮ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಿಲಿಗೆ ಹೋಗಿ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಸುರಿದಳು. ಅದು ಆರುವವರೆಗೂ ಅಲ್ಲೇ ನಿಂತಳು. ಬಾಟಲಿ ಎಂದರೆ ಚಟ್ಟಿ ಅಲ್ಲವಲ್ಲ, ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಹೂಂ ಎನ್ನಲಿಲ್ಲ.

*

ಶನಿವಾರ ಆಶಾ ಕಾರ್ಯಕರ್ತೆ ಸೌಜನ್ಯ ಬಂದಳು. ಕೈಯಲ್ಲೊಂದು ಟಾರ್ಚು, ಹೆಗಲಲ್ಲಿ ಚೀಲ, ಹಣೆ ತುಂಬ ಬೆವರು. ಬೊಳ್ಳಪ್ಪ ಗೊಬ್ಬರ ತರಲು ಪೇಟೆಗೆ ಹೋಗಿದ್ದ. ಸೌಜನ್ಯ ಕುಂಡಗಳ ಸಂದಿಗೆಲ್ಲ ಟಾರ್ಚ್ ಬಿಟ್ಟು, ನೀರಿನ ಡ್ರಮ್ಮಿನ ಮುಚ್ಚಳ ತೆಗೆದು ನೋಡಿ, ಮೆಟ್ಟಿಲ ಮೇಲೆ ಕುಕ್ಕರಿಸಿದಳು.

"ಎಂಥ ಇಲ್ಲ ಆಂಟಿ. ನಿಮ್ಮ ಜಗಲಿ ನಮ್ಮ ಆಫೀಸಿಗಿಂತ ಕ್ಲೀನ್ ಉಂಟು."

"ಇದನ್ನೇ ಒಂದು ಚೀಟಿಯಲ್ಲಿ ಬರೆದು ಕೊಡು ಮಾರಾಯ್ತಿ, ಅವರ ಹಣೆಗೆ ಅಂಟಿಸ್ತೇನೆ."

ಸೌಜನ್ಯ ನಕ್ಕಳು. "ಚೀಟಿ ಕೊಟ್ರೆ ಅಂಕಲ್ ಕೇಳ್ತಾರಾ? ಹಾಗಾದ್ರೆ ಜವರಿಗೆ ಎಲ್ಲಿ ಕಚ್ಚಿತು ಅಂತ ಕೇಳ್ತಾರೆ. ಅದು ನಂಗೂ ಗೊತ್ತಾಗ್ತಿಲ್ಲ. ಲೈನ್‌ಮನೆ ಪೂರಾ ನೋಡಿದೆ, ಅಲ್ಲೂ ಇಲ್ಲ. ಈ ಸೊಳ್ಳೆ ಹಗಲು ಕಚ್ಚುವುದು. ದೂರವೂ ಹೋಗುವುದಿಲ್ಲ, ಹುಟ್ಟಿದಲ್ಲೇ ಸುತ್ತಾಡ್ತದೆ. ಮಂಜುನಾಥನ್ನ ಕಚ್ಚಿದ ಸೊಳ್ಳೆ ಎಂಟು ಹತ್ತು ದಿನ ಬಿಟ್ಟು ಜವರಿಯನ್ನು ಕಚ್ಚಿದೆ. ಎಲ್ಲೋ ಒಂದು ಕಡೆ ನೀರು ನಿಂತುಂಟು."

"ಮಳೆಗಾಲ ಇನ್ನೂ ಶುರುವೇ ಆಗ್ಲಿಲ್ಲವಲ್ಲ?"

"ಅದೇ ತೊಂದರೆ. ಜೋರು ಮಳೆ ಸೊಳ್ಳೆಗೆ ಆಗುವುದಿಲ್ಲ ಆಂಟಿ. ಜುಲೈಯಲ್ಲಿ ದಿನಕ್ಕೆ ಐದಿಂಚು ಹೊಯ್ದರೆ ಡಬ್ಬಿ ಕರಟ ಎಲ್ಲ ತುಂಬಿ ಹರಿದು ಮರಿಗಳೂ ಕೊಚ್ಚಿ ಹೋಗ್ತವೆ. ಈಗ ನೋಡಿ, ಒಂದು ದಿನ ಮಳೆ, ಎಂಟು ದಿನ ಬಿಸಿಲು. ಮಳೆ ನೀರು ಕೊಡ್ತದೆ, ಬಿಸಿಲು ಬೆಚ್ಚಗೆ ಮಾಡ್ತದೆ."

"ಕೋಳಿ ಕಾವು ಕೂತ ಹಾಗೆ."

"ಹಾಂ, ಹಾಗೇ. ಮೊಟ್ಟೆ ಇಟ್ಟು ಎಂಟು ದಿನ, ಹತ್ತು ದಿನಕ್ಕೆ ರೆಕ್ಕೆ ಬಂತು. ಮಳೆ ಯಾವ್ಯಾವ ದಿನ ಬಂತು ಗೊತ್ತಾದ್ರೆ ನಂಗೆ ಲೆಕ್ಕ ಹಾಕಬಹುದಿತ್ತು."

ಮಳೆ ಯಾವ ದಿನ ಬಂತು ಎಂದು ಈ ಮನೆಯಲ್ಲಿ ಕೇಳಬೇಕೆ! ಪೂವಮ್ಮ ಒಳಗೆ ಹೋಗಿ ಗಂಡನ ಮೇಜಿನಿಂದ ಡೈರಿ ತಂದಳು. ದೇವರ ಪಟದಷ್ಟೇ ಭಯದಿಂದ ಮುಟ್ಟುವ ವಸ್ತು ಅದು. ಇಬ್ಬರೂ ತಲೆಗೆ ತಲೆ ತಾಗಿಸಿ ಓದಿದರು. ಎಡಗಡೆ "ಮನೆ" ಎಂಬ ಕಾಲಂ: ಅಂಗಳದ ಹಿತ್ತಾಳೆ ಮಾಪಕದ್ದು, ದಿನದಿನದ ಮಳೆ. ಬಲಗಡೆ "ಕೆಳಗಿನ ಬ್ಲಾಕ್" ಎಂಬ ಇನ್ನೊಂದು, ವಾರಕ್ಕೊಮ್ಮೆಯದು. ಏಪ್ರಿಲ್ ಹದಿನಾಲ್ಕು, ಒಂದಿಂಚು ಇಪ್ಪತ್ತು. ಇಪ್ಪತ್ತೊಂದು, ಒಂದಿಂಚು ಇಪ್ಪತ್ತು. ಇಪ್ಪತ್ತೆಂಟು, ಎರಡಿಂಚು ಐದು. ಮೇ ಐದು, ಎರಡಿಂಚು ಐದು. ಹನ್ನೆರಡು, ಎರಡಿಂಚು ಅರವತ್ತು.

"ಐದನೇ ತಾರೀಕಿನ ವಾರ ಮಳೆಯೇ ಬರ್ಲಿಲ್ಲ ಅಂತ ಈ ಕಡೆ ಬರೆದಿದ್ದಾರೆ," ಎಂದಳು ಸೌಜನ್ಯ. "ಆ ಕಡೆ ಎರಡಿಂಚು ಹೇಗೆ ಬಂತು?"

ಪೂವಮ್ಮ ಕಾಲಂ ಮೇಲೆ ಬೆರಳೆಳೆದಳು. ಅಂಕಿ ಏರುತ್ತಿತ್ತು, ಇಲ್ಲವೇ ನಿಲ್ಲುತ್ತಿತ್ತು. ಒಂದು ಸಲವೂ ಇಳಿದಿರಲಿಲ್ಲ. ಮೂವತ್ತೈದು ವರ್ಷ ಒಬ್ಬ ಮನುಷ್ಯನ ಜೊತೆ ಬಾಳಿದರೆ ಅವನ ಅಂಕಿಗಳೂ ಅವನ ಹಾಗೇ ಮಾತಾಡತೊಡಗುತ್ತವೆ.

"ಅಳೆದ ನೀರನ್ನು ಇವರು ಚೆಲ್ಲುತ್ತಾ ಇಲ್ಲ," ಎಂದಳು ನಿಧಾನವಾಗಿ.

ಅಲ್ಲಿಂದಲೇ ಆಸ್ಪತ್ರೆಗೆ ಫೋನು ಮಾಡಿದರು. ಜವರಿಯ ದನಿ ಸಣ್ಣಗಿದ್ದರೂ ಹುರುಪು ಕಮ್ಮಿ ಇರಲಿಲ್ಲ.

"ಜಗಲಿಯಲ್ಲಿ ಎಲ್ಲಿ ಕಚ್ಚುವುದು ಅಮ್ಮ? ನಾನು ಜ್ವರ ಬರುವ ಮುಂಚೆ ಎರಡು ವಾರ ಅಲ್ಲಿಗೆ ಬರ್ಲೇ ಇಲ್ಲವಲ್ಲ! ನೀರು ನೀವೇ ಹಾಕಿದ್ರಿ. ನಾನು ಕೆಳಗಿನ ಬ್ಲಾಕಲ್ಲಿ ಚಿಗುರು ತೆಗೀತಾ ಇದ್ದೆ. ಟ್ರ್ಯಾಕ್ಟರ್ ಮಂಜನೂ ಅಲ್ಲೇ ಜ್ವರದಲ್ಲಿ ಮರದ ಬುಡಕ್ಕೆ ಮಲಗಿದ್ದ."

"ಅಲ್ಲಿ ಸಾಹುಕಾರ್ರು ಮಳೆ ಅಳೆಯಲು ಇಟ್ಟ ಡಬ್ಬಿ ಉಂಟಾ?" ಎಂದು ಪೂವಮ್ಮ ಕೇಳಿದಳು.

"ಹನ್ನೊಂದು ಉಂಟು. ಮರಕ್ಕೊಂದು. ಅದರಲ್ಲಿ ಹುಳ ಆಗಿದೆ, ಚೆಲ್ಲುತ್ತೇನೆ ಅಂದ್ರೆ ಸಾಹುಕಾರ್ರು ಬೈದ್ರು. ಮುಟ್ಟಬೇಡ, ಅದು ಮಳೆ ಹುಳ, ಮಳೆ ಜೊತೆ ಬರ್ತದೆ, ಮಳೆ ಜೊತೆ ಹೋಗ್ತದೆ ಅಂದ್ರು." ಜವರಿ ಸ್ವಲ್ಪ ತಡೆದು, "ಅಮ್ಮ, ನನ್ನ ಹೆಸರು ಹೇಳಬೇಡಿ," ಎಂದಳು. ಇನ್ನೂ ಸ್ವಲ್ಪ ತಡೆದು, "ಹೇಳಿದ್ರೂ ತೊಂದರೆ ಇಲ್ಲ," ಎಂದು ನಕ್ಕಳು.

ಪೂವಮ್ಮ ಕೆಳಗಿನ ಬ್ಲಾಕಿಗೆ ಇಳಿದು ವರ್ಷವಾಗಿತ್ತು. ಸೌಜನ್ಯಳ ಹೆಗಲು ಹಿಡಿದು ಇಳಿದಳು. ಸಿಲ್ವರ್ ಮರಗಳ ಬುಡದಲ್ಲಿ, ಕಾಫಿ ಗಿಡಗಳ ನಡುವಿನ ತಂಪಿನಲ್ಲಿ, ಗೂಟದ ಮೇಲೆ ಪೇಂಟಿನ ಡಬ್ಬಿ. ಡಬ್ಬಿಯ ಮೇಲೆ ಅರ್ಧ ಮುಚ್ಚಿದ ಹಾಗೆ ಒಂದು ಹೆಂಚು, ಬಿಸಿಲು ನೀರು ಕುಡಿಯದಂತೆ. ಮೋಡ ಕಂಡರೆ ಓಡಿಬಂದು ಹೆಂಚು ತೆಗೆಯುವುದು, ಬಿಸಿಲು ಕಂಡರೆ ಓಡಿಬಂದು ಇಡುವುದು. ಗಂಡ ದಿನಾ ಮಧ್ಯಾಹ್ನ "ತೋಟ ನೋಡಿ ಬರ್ತೇನೆ" ಎಂದು ಹೋಗುತ್ತಿದ್ದದ್ದು ಯಾಕೆಂದು ಅವಳಿಗೆ ಈಗ ಅರ್ಥವಾಯಿತು.

ಸೌಜನ್ಯ ಹೆಂಚು ಸರಿಸಿ ಟಾರ್ಚು ಬಿಟ್ಟಳು. ಡಬ್ಬಿಯ ನೀರು ಕುದಿಯುತ್ತಿದೆಯೇನೋ ಎನ್ನುವಷ್ಟು ಮರಿಗಳು.

"ಅಯ್ಯೋ ದೇವರೇ," ಎಂದಳು. "ನೆರಳು, ತಂಪು, ಮುಚ್ಚಳ. ಆಂಟಿ, ಸೊಳ್ಳೆಗೆ ಬಾಣಂತನದ ಕೋಣೆ ಮಾಡಿಟ್ಟಿದ್ದಾರೆ ಅಂಕಲ್."

ಹತ್ತು ಡಬ್ಬಿಯನ್ನು ಅಲ್ಲೇ ಕವುಚಿದರು. ಹನ್ನೊಂದನೆಯದರ ಬಾಯಿಗೆ ಪೂವಮ್ಮ ಬಟ್ಟೆ ಬಿಗಿದು ಕಟ್ಟಿ, ಮನೆಗೆ ತಂದಳು.

*

ಭಾನುವಾರ ಉದಯ ಹತ್ತಕ್ಕೆ ಬರುವವನು ಒಂಬತ್ತಕ್ಕೇ ಬಂದ. ಪೂವಮ್ಮ ಒಳಗೆ ಅನ್ನಕ್ಕಿಡುತ್ತಿದ್ದಳು. ಹೊರಗೆ ಬರುವಷ್ಟರಲ್ಲಿ ಮೂವತ್ತು ಕುಂಡ ಪಿಕಪ್ಪಿನ ಮೇಲಿದ್ದವು, ಬೊಳ್ಳಪ್ಪ ಕರಿಗೆಂಪು ಆಂಥೂರಿಯಂ ಅನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದ. ಗೇಟಿನ ಬಳಿ ಬೋಜಪ್ಪ ಸ್ಕೂಟರಿಗೆ ಒರಗಿ ನಿಂತಿದ್ದ. ಬಂದು ನೋಡಿ ಎಂದಿದ್ದರಲ್ಲ, ಬಂದಿದ್ದ. ಅವನ ಹಿಂದೆಯೇ ಸೌಜನ್ಯ ನಡೆದು ಬರುತ್ತಿದ್ದಳು.

"ಅದನ್ನು ಕೆಳಗಿಡಿ," ಎಂದಳು ಪೂವಮ್ಮ.

"ಮಾತು ಕೊಟ್ಟಾಗಿದೆ ಪೂವಿ. ಮರ್ಯಾದೆ ಪ್ರಶ್ನೆ."

"ಇಡಿ ಅಂದೆ. ಮೊದಲು ಇದನ್ನು ನೋಡಿ." ಅಡುಗೆಮನೆಯಿಂದ ಡಬ್ಬಿ ತಂದು ಮೆಟ್ಟಿಲ ಮೇಲಿಟ್ಟು ಬಟ್ಟೆ ಬಿಚ್ಚಿದಳು.

ಬೊಳ್ಳಪ್ಪ ಮೊದಲು ನೋಡಿದ್ದು ಹುಳವನ್ನಲ್ಲ. "ಇದನ್ನು ಯಾಕೆ ತಂದೆ? ಎರಡಿಂಚು ಅರವತ್ತಿತ್ತು! ತರುವಾಗ ಎಷ್ಟು ತುಳುಕಿತು?"

"ತುಳುಕಿದ್ದು ಬಿಡಿ, ಉಳಿದದ್ದು ನೋಡಿ."

"ಅದು ರೈನ್ ಗೇಜ್, ನಿಂತ ನೀರಲ್ಲ."

"ಅದನ್ನು ಸೊಳ್ಳೆಗೆ ಹೇಳಿ."

ಅವನು ಬಗ್ಗಿದ. ಕನ್ನಡಕ ಏರಿಸಿದ. ಇನ್ನೂ ಬಗ್ಗಿದ. ಆಗತಾನೇ ರೆಕ್ಕೆ ಬಲಿತ ಒಂದು ಸೊಳ್ಳೆ, ಕಾಲಿಗೆ ಬಿಳಿ ಬಳೆ ತೊಟ್ಟದ್ದು, ನೀರಿನಿಂದೆದ್ದು ಡಬ್ಬಿಯ ಅಂಚಿನಲ್ಲಿ ಕೂತು, ಅಲ್ಲಿಂದ ಅವನ ಮೂಗಿನ ಹತ್ತಿರವಾಗಿಯೇ ಹಾರಿ ಹೋಯಿತು. ಬೊಳ್ಳಪ್ಪ ಅದು ಹೋದ ದಾರಿಯನ್ನೇ ನೋಡಿದ. ಬಾಯಲ್ಲಿ ರೊಟ್ಟಿ ಇಲ್ಲದಿದ್ದರೂ ಏನನ್ನೋ ಅಗಿಯುವವನ ಹಾಗೆ ದವಡೆ ಆಡಿಸಿದ.

"ಯಾಕೆ ಚೆಲ್ಲಲಿಲ್ಲ ಅಂಕಲ್?" ಎಂದಳು ಸೌಜನ್ಯ, ಮೆತ್ತಗೆ.

"ಬರೆದು ಕೂಡಿಸಿದರೆ ಇವನು ನಂಬುವುದಿಲ್ಲ." ಬೊಳ್ಳಪ್ಪ ಗೇಟಿನ ಕಡೆ ಗದ್ದ ಆಡಿಸಿದ. "ಡೈರಿಯಲ್ಲಿ ಯಾರು ಏನು ಬೇಕಾದ್ರೂ ಬರೀಬಹುದು ಬಾವ ಅಂತಾನೆ. ಅದಕ್ಕೆ ನೀರನ್ನೇ ಇಟ್ಟೆ. ಮಳೆಗಾಲ ಮುಗಿದ ಮೇಲೆ ಕರೆದು ತೋರಿಸುವಾ ಅಂತ."

ಬೋಜಪ್ಪನಿಗೆ ಅಷ್ಟು ಸಾಕಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕ, ಸ್ಕೂಟರಿನ ಸೀಟು ಬಡಿದು ನಕ್ಕ. "ಬಾವ! ನಿಮ್ಮ ಎರಡಿಂಚು ಅರವತ್ತರಲ್ಲಿ ನೀರೆಷ್ಟು, ಹುಳ ಎಷ್ಟು? ಹುಳ ಕಳೆದು ಹೇಳಿ ಬಾವ! ನಾಳೆ ಪಂಚಾಯಿತಿಯಲ್ಲಿ ಇದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ!"

ಪೂವಮ್ಮ ಗೆದ್ದಿದ್ದಳು. ಮೂರು ದಿನದಿಂದ ಈ ಗಳಿಗೆಗೇ ಕಾದಿದ್ದಳು. ಆದರೆ ಬೊಳ್ಳಪ್ಪ ಆಂಥೂರಿಯಂ ಅನ್ನು ಇನ್ನೂ ಎದೆಗೊತ್ತಿಕೊಂಡೇ ನಿಂತಿದ್ದ. ಅದನ್ನು ಎಲ್ಲಿಡಬೇಕೆಂದು ಅವನಿಗೆ ಹೊಳೆಯುತ್ತಿರಲಿಲ್ಲ. ಎಲೆಯ ಸಂದಿಯಲ್ಲಿ ಕಾಣುತ್ತಿದ್ದ ಅವನ ಮುಖ ಯಾರೋ ಚೆಲ್ಲಿ ಕವುಚಿಟ್ಟ ಪಾತ್ರೆಯ ಹಾಗಿತ್ತು. "ಜವರಿ ಹೇಳಿದ್ದಳು," ಎಂದ, ತನಗೇ ಕೇಳುವಷ್ಟು. "ಹುಳ ಅಂತ ಹೇಳಿದ್ದಳು. ನಾನೇ ಬೈದೆ."

"ನನ್ನದರಲ್ಲೂ ಇತ್ತು," ಎಂದಳು ಪೂವಮ್ಮ.

ಎಲ್ಲರೂ ತಿರುಗಿದರು.

"ಬಚ್ಚಲು ಕಿಟಕಿಯ ಬಾಟಲಿಯಲ್ಲಿ. ಗುರುವಾರ ಕಂಡದ್ದು. ಚೆಲ್ಲಿ ಸುಮ್ಮನಾದೆ."

"ಆಂಟಿ!" ಎಂದಳು ಸೌಜನ್ಯ. "ನಿನ್ನೆ ನಾನು ನೋಡಲು ಬಂದಾಗ ಹೇಳ್ಲಿಲ್ಲವಲ್ಲ?"

"ನೀನು ಚಟ್ಟಿ ನೋಡಿದ್ದು, ಡ್ರಮ್ಮು ನೋಡಿದ್ದು. ಬಾಟಲಿ ಕೇಳಲಿಲ್ಲ." ಪೂವಮ್ಮನ ಕಿವಿ ಬಿಸಿಯಾಗಿತ್ತು. "ಬೋಜಪ್ಪಣ್ಣ, ನಾಳೆ ಪಂಚಾಯಿತಿಯಲ್ಲಿ ಹೇಳುವುದಾದ್ರೆ ನನ್ನದನ್ನೂ ಸೇರಿಸಿ ಹೇಳಿ. ಗಂಡ ಹೆಂಡತಿ ಇಬ್ಬರೂ ಸಾಕಿದ್ರು ಅಂತ."

ಬೊಳ್ಳಪ್ಪ ಹೆಂಡತಿಯನ್ನು ನೋಡಿದ. ಅವನ ಮೀಸೆಯ ಒಂದು ತುದಿ ಅಲುಗಿತು. "ಗುರುವಾರವೇ ಗೊತ್ತಿತ್ತಾ ನಿನಗೆ? ನನ್ನ ತಟ್ಟೆಗೆ ಕರಟಿದ ರೊಟ್ಟಿ ಹಾಕಿದ ದಿನವಾ?"

"ರೊಟ್ಟಿ ಮೊದಲು, ಬಾಟಲಿ ಆಮೇಲೆ."

ಬೋಜಪ್ಪ ಮತ್ತೆ ನಗಲು ಬಾಯಿ ತೆರೆದ. ಆಗ ಸೌಜನ್ಯ ಅವನ ಕಡೆ ತಿರುಗಿ, "ಬೋಜಪ್ಪಣ್ಣ, ನೀವು ಮಳೆ ಅಳೆಯುವುದು ಯಾವುದರಲ್ಲಿ?" ಎಂದಳು.

ಬೋಜಪ್ಪ ಏನನ್ನೋ ಎಣಿಸುವವನ ಹಾಗೆ ಆಕಾಶ ನೋಡಿದ, ತೋಟದ ಕಡೆ ನೋಡಿದ. "ಮನೆಯಲ್ಲಿ ಹಾಲು ಒಲೆ ಮೇಲಿಟ್ಟು ಬಂದಿದ್ದೇನೆ," ಎಂದವನೇ ಸ್ಕೂಟರ್ ಒದ್ದು ಚಾಲೂ ಮಾಡಿದ.

"ಎಷ್ಟುಂಟು ಬಾವ?" ಎಂದು ಬೊಳ್ಳಪ್ಪ ಹಿಂದಿನಿಂದ ಕೂಗಿದ. "ಹನ್ನೊಂದಾ?"

"ಹದಿನಾರು!" ತಿರುವಿನಿಂದ ಕೇಳಿಸಿತು. ಅಲ್ಲಿಯೂ ಅವನದೇ ಐದು ಜಾಸ್ತಿ.

"ಬರೀ ಚೆಲ್ಲಿದ್ರೆ ಸಾಲದು, ತಿಕ್ಕಿ ತೊಳೀಬೇಕು!" ಎನ್ನುತ್ತ ಸೌಜನ್ಯ ಅವನ ಹಿಂದೆಯೇ ರಸ್ತೆಗಿಳಿದಳು. "ಮೊಟ್ಟೆ ಒಳಗೋಡೆಗೆ ಅಂಟಿಕೊಂಡಿರ್ತದೆ, ಒಣಗಿದ್ರೂ ಸಾಯುವುದಿಲ್ಲ!" ನಿಂತು ಹಿಂದೆ ತಿರುಗಿ ಬೊಳ್ಳಪ್ಪನಿಗೆ, "ನೀವೂ ಅಂಕಲ್," ಎಂದಳು. "ದಿನಾ ಅಳೀರಿ, ದಿನಾ ಚೆಲ್ಲಿ."

"ಕೂಡಿಸುವ ಕೆಲಸ ಡೈರಿ ಮಾಡಲಿ," ಎಂದಳು ಪೂವಮ್ಮ. "ಅದಕ್ಕೂ ಡಬ್ಬಿ ಯಾಕೆ?"

ಉದಯ ಪಿಕಪ್ಪಿನ ಬಾಗಿಲಿಗೆ ಒರಗಿ ಇದನ್ನೆಲ್ಲ ಸಿನಿಮಾ ನೋಡುವವನ ಹಾಗೆ ನೋಡುತ್ತಿದ್ದ. "ಅಣ್ಣ, ಈ ಮುವ್ವತ್ತನ್ನು ಎಂಥ ಮಾಡ್ಲಿ? ಹುದಿಕೇರಿಗಾ?"

ಅಷ್ಟರಲ್ಲಿ ಬೊಳ್ಳಪ್ಪನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ವಿಮಲಮ್ಮ. ಆ ತುದಿಯ ದನಿ ಅಂಗಳದವರೆಗೂ ಕೇಳುತ್ತಿತ್ತು: ಗಾಡಿ ಹೊರಟಿತಾ, ಆ ಕಪ್ಪು ಹೂವಿನದ್ದನ್ನು ಮುಂದೆ ಸೀಟಲ್ಲಿ ಇಡಲು ಹೇಳಿ, ನಾನು ಜಾಗ ಮಾಡಿಟ್ಟಿದ್ದೇನೆ. ಬೊಳ್ಳಪ್ಪ ಹೆಂಡತಿಯನ್ನು ನೋಡಿದ. ಹೆಂಡತಿ ಅವನನ್ನು ನೋಡಲಿಲ್ಲ, ಆಂಥೂರಿಯಂ ಅನ್ನು ನೋಡುತ್ತಿದ್ದಳು.

ತಪ್ಪಾಯಿತು ಎನ್ನುವ ಮಾತು ಅವನ ಮನೆತನದಲ್ಲೇ ಯಾರಿಗೂ ಬರುತ್ತಿರಲಿಲ್ಲ.

"ಗಾಡಿ ಬರುವುದಿಲ್ಲ ವಿಮಲಾ," ಎಂದ. "ಇಲ್ಲಿ ಎಂಥ ಮಳೆ ಅಂತೀ! ರಸ್ತೆ ಕಾಣ್ತಾ ಇಲ್ಲ. ಚಟ್ಟಿ ಇಲ್ಲೇ ಇರಲಿ."

ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ. ಉದಯ ಮುಖ ತಿರುಗಿಸಿಕೊಂಡು ಕೆಮ್ಮಿದ.

"ಎಷ್ಟು ಸೆಂಟ್?" ಎಂದಿತು ಫೋನು. ವಿಮಲಮ್ಮನೂ ಕಾಫಿ ಬೆಳೆಯುವವಳೇ ತಾನೆ.

ಬೊಳ್ಳಪ್ಪ ತಡವರಿಸಿದ. ಇಷ್ಟು ವರ್ಷದಲ್ಲಿ ಅವನು ಮಳೆಯ ವಿಷಯದಲ್ಲಿ ಒಂದು ಸೆಂಟೂ ಸುಳ್ಳು ಹೇಳಿದವನಲ್ಲ. ಜಗಳ ಮಾಡಿದ್ದ, ಆಣೆ ಹಾಕಿದ್ದ, ನೀರು ಕೂಡಿಟ್ಟಿದ್ದ, ಸುಳ್ಳು ಹೇಳಿರಲಿಲ್ಲ. ಕಣ್ಣು ಮುಚ್ಚಿ, "ಎಪ್ಪತ್ತು," ಎಂದು ಫೋನು ಇಟ್ಟುಬಿಟ್ಟ.

ಆಮೇಲೆ ಉದಯನನ್ನೂ ಮುಟ್ಟಗೊಡದೆ ಮೂವತ್ತು ಕುಂಡವನ್ನೂ ತಾನೇ ಒಂದೊಂದಾಗಿ ಇಳಿಸಿ ಜಗಲಿಗೆ ಹೊತ್ತ. ಫರ್ನ್ ಇದ್ದಲ್ಲಿ ಬಿಗೋನಿಯ, ಬಿಗೋನಿಯ ಇದ್ದಲ್ಲಿ ಜೆರೇನಿಯಂ, ಎತ್ತರದ ಪ್ರಕಾರ ಸಾಲಾಗಿ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಆಂಥೂರಿಯಂ ಅನ್ನು ಕೊನೆಗೆ, ಇಡೀ ದಿನ ಬಿಸಿಲು ಬಡಿಯುವ ಮೆಟ್ಟಿಲಿನ ನಟ್ಟನಡುವೆ, ಬಂದವರಿಗೆಲ್ಲ ಮೊದಲು ಕಾಣಬೇಕೆಂದು ಇಟ್ಟ. ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಸರಿ ಉಂಟಾ?"

"ಭಾರೀ ಲಾಯ್ಕುಂಟು," ಎಂದಳು ಪೂವಮ್ಮ. ಅವನು ಬ್ರಷ್ಷು, ಬೂದಿ ಹಿಡಿದುಕೊಂಡು ಡಬ್ಬಿ ತಿಕ್ಕಲು ಕೆಳಗಿನ ಬ್ಲಾಕಿಗೆ ಇಳಿದು, ಅವನ ಟೋಪಿ ಕಾಫಿ ಗಿಡಗಳ ಹಿಂದೆ ಮರೆಯಾಗುವವರೆಗೂ ಕಾದಳು. ಆಮೇಲೆ ಸೀರೆ ಸಿಕ್ಕಿಸಿ, ಆಂಥೂರಿಯಂಗೆ ಎರಡೂ ಕೈ ಹಾಕಿ, ಅದನ್ನು ಪೂರ್ವದ ಮೂಲೆಗೆ ಎತ್ತಿಕೊಂಡು ಹೋದಳು.